ಅಪ್‌ಲೋಡ್ ಮಾಡೋದಷ್ಟೇ ಅಲ್ವಾ?

ಲ್ಯಾಪ್‌ಟಾಪ್ ಮುಚ್ಚಬೇಕು ಅನ್ನುವಷ್ಟರಲ್ಲಿ ಮೇಲ್ ಬಂತು. 'ಅರ್ಜೆಂಟ್. ಹೋಮ್ ಪೇಜಿಗೆ ಹಾಕಿ, ಹಳೇ ಪೇಜ್ ತೆಗೀರಿ. ಅಪ್‌ಲೋಡ್ ಮಾಡೋದಷ್ಟೇ ಅಲ್ವಾ?' ಜೊತೆಗೊಂದು ಫೈಲ್. ಹೆಸರು 'ಫೈನಲ್ ಫೈನಲ್ 3'.

ನಮ್ಮ ಕಂಪನಿ ವೆಬ್‌ಸೈಟ್ ನೋಡಿಕೊಳ್ಳೋಕೆ ಶುರುಮಾಡಿದಾಗಿನಿಂದ ಈ 'ಅಷ್ಟೇ ಅಲ್ವಾ' ಕೇಳಿ ಕೇಳಿ ಕಿವಿ ತೂತಾಗಿದೆ.

ತೆರೆದರೆ ಪೋಸ್ಟರ್. ಗೋಡೆಗೆ ಅಂಟಿಸೋಕೆ ಮಾಡಿದ್ದು! ದಿನಾಂಕ, ನಿಯಮ, ಫೋನ್ ನಂಬರ್ ಎಲ್ಲ ಚಿತ್ರದೊಳಗೇ. ಮೊಬೈಲಿನಲ್ಲಿ ಅಕ್ಷರ ಇರುವೆ ಸಾಲಿನ ಹಾಗೆ ಕಾಣುತ್ತದೆ. ನಂಬರ್ ಮುಟ್ಟಿದರೆ ಕಾಲ್ ಹೋಗುವುದಿಲ್ಲ. ಕಣ್ಣು ಕಾಣದವರು ಪರದೆಯಲ್ಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಇಟ್ಟುಕೊಂಡು ಬಂದರೆ ಅವರಿಗೆ ಕೇಳಿಸುವುದು ಬರೀ ಫೈಲಿನ ಹೆಸರು, ಅಂದರೆ 'ಫೈನಲ್ ಫೈನಲ್ 3'. ಅದೂ ಅದೃಷ್ಟ ಇದ್ದರೆ. ಚಿತ್ರ ಹಾಕಿದರೆ ಅದರಲ್ಲೇನಿದೆ ಅಂತ ಆಲ್ಟ್ ಟೆಕ್ಸ್ಟ್ ಬರೆಯಿರಿ ಎಂದು ವೆಬ್‌ಗೆ ಮಾನದಂಡ ರೂಪಿಸುವ ಸಂಸ್ಥೆ ಡಬ್ಲ್ಯು3ಸಿ ತನ್ನ ಮಾರ್ಗಸೂಚಿಯ ಮೊದಲನೇ ಅಂಶದಲ್ಲೇ ಹೇಳಿದ್ದು 1999ರಲ್ಲಿ. ನಮ್ಮವರಿಗೆ ಆ ಸುದ್ದಿ ಇನ್ನೂ ತಲುಪಿಲ್ಲ.

ಇನ್ನು ಆ ಹಳೇ ಪೇಜು. ಅದರ ಲಿಂಕ್ ಗೂಗಲ್‌ನಲ್ಲಿದೆ, ಗ್ರಾಹಕರಿಗೆ ಹೋದ ಮೇಲ್‌ಗಳಲ್ಲಿದೆ, ಅಚ್ಚಾಗಿ ಹಂಚಿಯಾದ ಬ್ರೋಷರಿನ ಕ್ಯೂಆರ್ ಕೋಡ್‌ನಲ್ಲೂ ಇದೆ. ಹಳೇ ಲಿಂಕ್ ಒತ್ತಿದವರನ್ನು ತಾನಾಗೇ ಹೊಸ ಪೇಜಿಗೆ ಕಳಿಸುವ 301 ರೀಡೈರೆಕ್ಟ್ ಕೊಡದೆ ಸುಮ್ನೆ ತೆಗೆದರೆ ಬಂದವರಿಗೆಲ್ಲ 404, ಅಂದರೆ 'ಪೇಜ್ ಸಿಗಲಿಲ್ಲ'. ಆಗ ಬೈಸಿಕೊಳ್ಳುವುದು ಮೇಲ್ ಕಳಿಸಿದವರಲ್ಲ, ನಾನು. ಆದರೂ ಅಪ್‌ಲೋಡ್ ಅಷ್ಟೇ ಅಲ್ವಾ!

ಕೋಡ್ ಬರೆಯದೆ ಪೇಜ್ ತಿದ್ದುವ ಸಾಫ್ಟ್‌ವೇರ್, ಸಿಎಂಎಸ್ ಇದೆ, ಯಾರು ಬೇಕಾದರೂ ಮಾಡಬಹುದು ಅನ್ನುತ್ತಾರೆ. ಹೌದು, ಪಬ್ಲಿಶ್ ಬಟನ್ ಒತ್ತೋಕೆ ಒಂದು ಬೆರಳು ಸಾಕು. ಹೋದ ಸಲ ಇನ್ನೊಂದು ಟೀಮಿಗೆ ಲಾಗಿನ್ ಕೊಟ್ಟಿದ್ದೆವು. ವರ್ಡ್‌ನಿಂದ ಕಾಪಿ ಮಾಡಿ ಹಾಗೇ ಅಂಟಿಸಿದರು. ಒಂದೇ ಪ್ಯಾರಾದಲ್ಲಿ ಮೂರು ಫಾಂಟು. ಸರಿಮಾಡೋಕೆ ನನ್ನ ಅರ್ಧ ದಿನ ಹೋಯಿತು.

ನಾನೇನು ಭಾರೀ ಸಾಚಾ ಅಲ್ಲ. ಸೇರಿದ ಹೊಸದರಲ್ಲಿ ಒಂದು ಟೆಸ್ಟ್ ಪೇಜ್ ಕೈತಪ್ಪಿ ಲೈವ್ ಆಗಿತ್ತು. ತಲೆಬರಹ, 'ಇಲ್ಲಿ ಏನಾದ್ರೂ ಬರೀಬೇಕು'. ಶನಿವಾರ, ಭಾನುವಾರ ಪೂರ್ತಿ ಹಾಗೇ ಇತ್ತು. ಸೋಮವಾರ ಬೆಳಗ್ಗೆ ನಾನೇ ನೋಡಿ ಬೆವತು, ಸದ್ದಿಲ್ಲದೆ ತೆಗೆದೆ. ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾಗಲಿಲ್ಲವಲ್ಲ ಅಂತ ಖುಷಿಪಡಬೇಕೋ, ಯಾರೂ ನೋಡೋದೇ ಇಲ್ಲವಾ ಅಂತ ಅಳಬೇಕೋ, ಇವತ್ತಿಗೂ ತಿಳಿದಿಲ್ಲ. (ಬಾಸ್ ಇಲ್ಲಿ ಫ್ರೆಂಡ್ ಲಿಸ್ಟಿನಲ್ಲಿಲ್ಲ, ಈಗಷ್ಟೇ ನೋಡಿಕೊಂಡೆ.)

ಕೊನೆಗೆ ಪೋಸ್ಟರಿನಲ್ಲಿದ್ದದ್ದನ್ನೆಲ್ಲ ಕೂತು ಟೈಪ್ ಮಾಡಿದೆ. ಮುಟ್ಟಿದರೆ ಕಾಲ್ ಹೋಗುವ ಹಾಗೆ ನಂಬರ್ ಹಾಕಿದೆ. ರೀಡೈರೆಕ್ಟ್ ಕೊಟ್ಟೆ, ಮೊಬೈಲಿನಲ್ಲಿ ತೆರೆದು ನೋಡಿದೆ, ಪ್ರಿವ್ಯೂ ಲಿಂಕ್ ಕಳಿಸಿದೆ. ಎರಡೇ ನಿಮಿಷಕ್ಕೆ ಉತ್ತರ ಬಂತು.

'ಚೆನ್ನಾಗಿದೆ. ಪೋಸ್ಟರ್ ಎಲ್ಲಿ?'