ಹುಟ್ಟುಹಬ್ಬದ ಕೇಕ್ ಮನೆಯಲ್ಲೇ ಕತ್ತರಿಸಿ

ಮೆಲ್ಬರ್ನ್‌ನ ನಮ್ಮ ಕನ್ನಡದವರ ಮನೆಗಳಲ್ಲಿ ಹನ್ನೆರಡನೇ ಕ್ಲಾಸ್ ಮುಗಿಸಿದ ಮಕ್ಕಳಿದ್ದರೆ ವರ್ಷದ ಕೊನೆಗೆ ಒಂದು ಮಾತು ಬಂದೇ ಬರುತ್ತದೆ. ಕಾಂಬೋಡಿಯಾಕ್ಕೋ ನೇಪಾಳಕ್ಕೋ ಹೋಗಿ, ಅಲ್ಲಿನ ಒಂದು ಅನಾಥಾಶ್ರಮದಲ್ಲಿ ಕೆಲವು ವಾರ ಇದ್ದು, ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಟ್ಟು ಬರುವುದು. ವಿಮಾನದ ಟಿಕೆಟ್ ಬೇರೆ, ಏಜೆನ್ಸಿಯವರ ಫೀಸ್ ಬೇರೆ. ಅಪ್ಪ ಅಮ್ಮನಿಗೆ ಹೆಮ್ಮೆ. ತಿಪಟೂರು ಕಡೆಯ ಸ್ನೇಹಿತರೊಬ್ಬರ ಮಗಳು ನನ್ನನ್ನು ಕೇಳಿದಳು: "ಅಂಕಲ್, ಕಾಂಬೋಡಿಯಾ ಸರಿ ಇಲ್ಲ ಅಂದ್ರೆ ತುಮಕೂರಲ್ಲೇ ಯಾವುದಾದ್ರೂ ಅನಾಥಾಶ್ರಮ ಗೊತ್ತಾ? ಅಜ್ಜಿ ಮನೇಲಿ ಇದ್ಕೊಂಡು ಹೋಗಿ ಬರಬಹುದು." ಒಳ್ಳೆಯ ಹುಡುಗಿ. ಆದರೂ ಎರಡೂ ಬೇಡ, ಸುಮ್ನೆ ಅಜ್ಜಿ ಜೊತೆ ಇದ್ದು ಬಾ ಅಂದೆ. ಅವಳ ಅಪ್ಪನಿಗೆ ಬೇಜಾರಾಯಿತು. ಊಟದ ಮಧ್ಯೆ ಪೂರ್ತಿ ಹೇಳಲು ಆಗಲಿಲ್ಲ, ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಾನಿರುವ ದೇಶದ ಕಥೆ. ಆಸ್ಟ್ರೇಲಿಯಾದಲ್ಲಿ ಈಗ ಹಳೆಯ ಕಾಲದ ದೊಡ್ಡ ಅನಾಥಾಶ್ರಮಗಳಿಲ್ಲ. ಹಿಂದೆ ಇದ್ದವು, ಬೇಕಾದಷ್ಟು ಇದ್ದವು. ಕಳೆದ ಶತಮಾನದಲ್ಲಿ ಐದು ಲಕ್ಷಕ್ಕೂ ಹೆಚ್ಚು ಮಕ್ಕಳು ಅಂಥ ಮನೆಗಳಲ್ಲಿ ಬೆಳೆದರು. ಹೊಡೆತ, ದುಡಿತ, ಅದಕ್ಕಿಂತ ಕೆಟ್ಟದ್ದನ್ನೂ ಕಂಡರು. ಎಷ್ಟೋ ಮಕ್ಕಳಿಗೆ ಅಪ್ಪ ಅಮ್ಮ ಬದುಕಿದ್ದಾರೆ ಅನ್ನುವುದನ್ನೇ ಹೇಳಿರಲಿಲ್ಲ. 2009ರ ನವೆಂಬರ್ 16ರಂದು ಆಗಿನ ಪ್ರಧಾನಿ ಕೆವಿನ್ ರಡ್ ಕ್ಯಾನ್‌ಬೆರಾದಲ್ಲಿ ನಿಂತು ಆ ಮಕ್ಕಳ ಕ್ಷಮೆ ಕೇಳಿದರು. ಅಷ್ಟು ಹೊತ್ತಿಗೆ ಅವರಲ್ಲಿ ಅನೇಕರು ಅಜ್ಜ ಅಜ್ಜಿಯರಾಗಿದ್ದರು. ಈಗ ಇಲ್ಲಿ ಒಂದು ಮಗುವನ್ನು ಹೆತ್ತವರಿಂದ ಬೇರೆ ಮಾಡಲೇಬೇಕಾದರೆ ಹೆಚ್ಚಾಗಿ ಅಜ್ಜಿ, ಚಿಕ್ಕಮ್ಮನಂಥ ನೆಂಟರ ಮನೆಗೆ ಕಳಿಸುತ್ತಾರೆ, ಇಲ್ಲವಾದರೆ ಸಾಕುವ ಕುಟುಂಬಕ್ಕೆ. ನಾನು ಶಾಲೆಗೆ ಹೋಗಿ ಮಕ್ಕಳಿಗೆ ಕಥೆ ಓದಬೇಕು ಅಂದರೂ ನನ್ನ ಪೊಲೀಸ್ ದಾಖಲೆ ನೋಡಿ ಕೊಟ್ಟ ಕಾರ್ಡ್ ಬೇಕು.

ಇಷ್ಟು ಕಟ್ಟುನಿಟ್ಟಿನ ದೇಶದಿಂದ ಹೊರಟ ಹದಿನೆಂಟರ ಹುಡುಗ ಕಾಂಬೋಡಿಯಾದಲ್ಲಿ ಇಳಿದ ಮಾರನೇ ದಿನವೇ ಗುರುತು ಪರಿಚಯ ಇಲ್ಲದ ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡು ಫೋಟೋ ಹಾಕುತ್ತಾನೆ, ಎಲ್ಲರೂ ಲೈಕ್ ಒತ್ತುತ್ತಾರೆ. ಅದೇ ಹುಡುಗ ಮೆಲ್ಬರ್ನ್‌ನ ಪಾರ್ಕಿನಲ್ಲಿ ಯಾರದೋ ಮಗುವಿನ ಜೊತೆ ಹಾಗೆ ಮಾಡಲಿ ನೋಡೋಣ.

ಕಾಂಬೋಡಿಯಾದಲ್ಲಿ ಒಂದು ಕಾಲಕ್ಕೆ ನಿಜವಾಗಿಯೂ ಅನಾಥ ಮಕ್ಕಳು ತುಂಬಿದ್ದರು. 1975ರಿಂದ 1979ರವರೆಗಿನ ಖಮೇರ್ ರೂಜ್ ಆಳ್ವಿಕೆಯಲ್ಲಿ ಆದ ಸಾವುಗಳು ಅಷ್ಟಿಷ್ಟಲ್ಲ. ಆದರೆ ಅನಾಥಾಶ್ರಮಗಳು ಜೋರಾಗಿ ಹೆಚ್ಚಿದ್ದು ಆಗಲ್ಲ, ಶಾಂತಿ ಬಂದು ಪ್ರವಾಸಿಗರು ಬರಲು ಶುರುವಾದ ಮೇಲೆ. 2005ರಿಂದ 2010ರ ನಡುವೆ ಅವುಗಳ ಸಂಖ್ಯೆ ಶೇ 75ರಷ್ಟು ಏರಿತು. ಯುನಿಸೆಫ್ ಹೇಳುವಂತೆ ಅಲ್ಲಿದ್ದ ನಾಲ್ಕು ಮಕ್ಕಳಲ್ಲಿ ಸುಮಾರು ಮೂವರಿಗೆ ಅಪ್ಪನೋ ಅಮ್ಮನೋ ಬದುಕಿದ್ದರು. ನೇಪಾಳದಲ್ಲೂ ಹಾಗೇ. ಇಂಥ ಮನೆಗಳು ಬಡತನ ಜಾಸ್ತಿ ಇರುವ ಗುಡ್ಡಗಾಡಿನ ಜಿಲ್ಲೆಗಳಲ್ಲಿಲ್ಲ. ಕಠ್ಮಂಡು, ಪೋಖರಾದಂಥ ಪ್ರವಾಸಿಗರು ಹೋಗುವ ಕಡೆಯೇ ಸೇರಿಕೊಂಡಿವೆ. ಯಾರೋ ಹಳ್ಳಿಗೆ ಹೋಗುತ್ತಾರೆ, ಮಗುವಿಗೆ ಒಳ್ಳೆ ಶಾಲೆ, ಇಂಗ್ಲಿಷು, ಮೂರು ಹೊತ್ತು ಊಟ ಅನ್ನುತ್ತಾರೆ. ತಾಯಿ ನಂಬಿ ಕಳಿಸುತ್ತಾಳೆ. ಆಮೇಲೆ ಆ ಮಗು ಇದ್ದರೆ ವಾಲಂಟಿಯರ್ ಬರುತ್ತಾನೆ, ವಾಲಂಟಿಯರ್ ಬಂದರೆ ಹಣ ಬರುತ್ತದೆ. ಮಗು ಚೆನ್ನಾಗಿ ಉಂಡುಟ್ಟು ದುಂಡಗಿದ್ದರೆ ಹಣ ಬರುವುದು ಕಡಿಮೆ. ಮಿಕ್ಕಿದ್ದನ್ನು ನೀವೇ ಊಹಿಸಿಕೊಳ್ಳಿ. ಎಲ್ಲ ಆಶ್ರಮಗಳೂ ಹೀಗೆ ಅಂತ ನಾನು ಹೇಳುತ್ತಿಲ್ಲ. ಆದರೆ ಫೀಸ್ ಕಟ್ಟಿ ಮೂರು ವಾರಕ್ಕೆ ಹೋಗುವ ಹುಡುಗನಿಗೆ ಯಾವುದು ಹೇಗೆ ಅಂತ ಗೊತ್ತಾಗುವುದು ಎಲ್ಲಿಂದ? 2017ರ ಕೊನೆಯಲ್ಲಿ ಆಸ್ಟ್ರೇಲಿಯಾದ ಸಂಸತ್ತಿನ ಸಮಿತಿಯೊಂದು ಇದನ್ನೆಲ್ಲ ವಿಚಾರಿಸಿ, ಲಾಭಕ್ಕಾಗಿ ಮಕ್ಕಳನ್ನು ಹೀಗೆ ಆಶ್ರಮಗಳಿಗೆ ಸಾಗಿಸುವುದು ಆಧುನಿಕ ಗುಲಾಮಗಿರಿಯೇ ಅಂದಿತು. 2019ರಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆಯೂ ಅನಾಥಾಶ್ರಮಗಳ ಈ ವಾಲಂಟಿಯರ್ ಪ್ರವಾಸ ಮಕ್ಕಳಿಗೆ ಕೆಡುಕು ಮಾಡುತ್ತದೆ ಅಂತ ನಿರ್ಣಯದಲ್ಲಿ ಸೇರಿಸಿತು.

ಹೋಗಿ ಬಂದವರೆಲ್ಲ ಒಂದೇ ಮಾತು ಹೇಳುತ್ತಾರೆ. "ಆ ಮಕ್ಕಳು ಎಷ್ಟು ಪ್ರೀತಿ ಮಾಡ್ತವೆ ಗೊತ್ತಾ, ಗೇಟ್ ಒಳಗೆ ಕಾಲಿಟ್ಟ ತಕ್ಷಣ ಓಡಿ ಬಂದು ತಬ್ಬಿಕೊಳ್ತವೆ!" ನನಗೆ ಜಾಸ್ತಿ ಭಯ ಆಗುವುದು ಈ ಮಾತು ಕೇಳಿದಾಗಲೇ. ನಿಮ್ಮ ಮನೆಯ ಮೂರು ವರ್ಷದ ಮಗು ಹೊಸಬರು ಬಂದರೆ ಏನು ಮಾಡುತ್ತದೆ? ಅಮ್ಮನ ಸೆರಗಿನ ಹಿಂದೆ ಹೋಗುತ್ತದೆ. ಮೊದಲು ಇಣುಕಿ ನೋಡುತ್ತದೆ, ಬಿಸ್ಕತ್ತು ತೋರಿಸಿದರೂ ಅಮ್ಮನ ಮುಖ ನೋಡಿಯೇ ಕೈ ಚಾಚುತ್ತದೆ. ಯಾರು ಬಂದರೂ ಓಡಿ ತಬ್ಬಿಕೊಳ್ಳುವ ಮಗುವಿಗೆ ಎಷ್ಟೋ ಸಲ ನನ್ನವರು ಅಂತ ಒಬ್ಬರು ಇರುವುದಿಲ್ಲ. ಸಂಸ್ಥೆಗಳಲ್ಲಿ ಬೆಳೆದ ಮಕ್ಕಳಲ್ಲಿ ಈ ನಡವಳಿಕೆಯನ್ನು ಮನಶ್ಶಾಸ್ತ್ರದವರು ಬಹಳ ಹಿಂದಿನಿಂದ ಗುರುತಿಸಿದ್ದಾರೆ. ರೊಮೇನಿಯಾದ ಬುಕಾರೆಸ್ಟ್‌ನಲ್ಲಿ 2000ದ ಸುಮಾರಿಗೆ ಶುರುವಾದ ಅಧ್ಯಯನದಲ್ಲಿ ಆಶ್ರಮದ 136 ಪುಟ್ಟ ಮಕ್ಕಳನ್ನು ಎರಡು ಗುಂಪು ಮಾಡಿ, ಅರ್ಧ ಮಕ್ಕಳನ್ನು ಸಾಕು ಕುಟುಂಬಗಳಿಗೆ ಕೊಟ್ಟರು. ಮನೆಗೆ ಹೋದ ಮಕ್ಕಳ ಬುದ್ಧಿಮತ್ತೆ, ಹಚ್ಚಿಕೊಳ್ಳುವ ಗುಣ ಎರಡೂ ಸುಧಾರಿಸಿದವು. ಅದರಲ್ಲೂ ಎರಡು ವರ್ಷ ತುಂಬುವ ಮುಂಚೆ ಹೋದ ಮಕ್ಕಳಲ್ಲಿ ಹೆಚ್ಚು. ಈಗ ಯೋಚನೆ ಮಾಡಿ. ಅಂಥ ಮಗು ಒಬ್ಬ ಅಕ್ಕನನ್ನು ಹಚ್ಚಿಕೊಳ್ಳುತ್ತದೆ, ಅವಳು ಮೂರು ವಾರಕ್ಕೆ ಹೊರಟು ಹೋಗುತ್ತಾಳೆ. ಮತ್ತೊಬ್ಬ ಅಣ್ಣ ಬರುತ್ತಾನೆ, ಅವನೂ ಹೋಗುತ್ತಾನೆ. ಅಳುತ್ತಾ ಏರ್‌ಪೋರ್ಟಿಗೆ ಹೋದವರಿಗೆ ಮನೆ ಇದೆ.

ಇನ್ನು ನಮ್ಮ ತುಮಕೂರು. ನಾವೇನು ಕಮ್ಮಿ ಇಲ್ಲ. ಮಗನ ಮೊದಲ ಹುಟ್ಟುಹಬ್ಬ, ಅಪ್ಪನ ತಿಥಿ, ಮದುವೆಯಾಗಿ ಇಪ್ಪತ್ತೈದು ವರ್ಷ, ಎಲ್ಲದಕ್ಕೂ ಅನಾಥಾಶ್ರಮ. ಬಿ.ಎಚ್. ರಸ್ತೆಯ ಬೇಕರಿಯಿಂದ ದೊಡ್ಡ ಕೇಕ್ ಹೋಗುತ್ತದೆ. ಅಲ್ಲಿನ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಅವರ ಕೈಲಿ ಹಾಡು ಹೇಳಿಸಿ, ಯಾರದೋ ಮಗು ಅಪ್ಪ ಅಮ್ಮನ ಮಧ್ಯೆ ನಿಂತು ಕೇಕ್ ಕತ್ತರಿಸುವುದನ್ನು ನೋಡಿಸುತ್ತೇವೆ. ನೋಡಿಸುತ್ತೇವೆ ಅಂತಲೇ ಬರೆದೆ. ಆಮೇಲೆ ವಾಟ್ಸಾಪ್ ಸ್ಟೇಟಸ್. ಬಾಲನ್ಯಾಯ ಕಾಯ್ದೆ 2015ರ 74ನೇ ಕಲಂ ಪ್ರಕಾರ ರಕ್ಷಣೆಯಲ್ಲಿರುವ ಮಗುವಿನ ಗುರುತು ಸಿಗುವಂಥ ಹೆಸರು, ಶಾಲೆ, ಫೋಟೋ ಯಾವುದನ್ನೂ ಪ್ರಚಾರ ಮಾಡುವಂತಿಲ್ಲ. ಮಾಡಿದರೆ ಆರು ತಿಂಗಳವರೆಗೆ ಜೈಲು ಅಥವಾ ಎರಡು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ನಮ್ಮ ನೆಂಟರ ಗ್ರೂಪಿನಲ್ಲಿ ಇದನ್ನು ಹಾಕಿದೆ. ಯಾರೂ ಉತ್ತರ ಕೊಡಲಿಲ್ಲ, ಒಬ್ಬರು ಮಾತ್ರ ಕೈ ಮುಗಿಯುವ ಚಿತ್ರ ಕಳಿಸಿದರು.

ಗುಬ್ಬಿಯಲ್ಲಿರುವ ನಮ್ಮಕ್ಕ ಬಿಡುವವಳಲ್ಲ. ಫೋನ್ ಮಾಡಿದಳು. "ಅಲ್ಲ ಕಣೋ, ಒಂದಿನ ಹೋಳಿಗೆ ಊಟ ಹಾಕಿದ್ರೆ ಆ ಮಕ್ಳಿಗೆ ಏನು ಕೆಟ್ಟದ್ದಾಗುತ್ತೆ? ನೀನು ಅಲ್ಲಿ ಕೂತ್ಕೊಂಡು ಎಲ್ಲಾದ್ರಲ್ಲೂ ತಪ್ಪು ಹುಡುಕ್ತೀಯ." ಹೋಳಿಗೆಯಿಂದ ಏನೂ ಆಗುವುದಿಲ್ಲ ಅಕ್ಕ. ಹೋಳಿಗೆ ಕಳಿಸು, ತುಪ್ಪನೂ ಕಳಿಸು, ಅಡುಗೆಯವರ ಕೈಗೆ ಕೊಟ್ಟು ವಾಪಸ್ ಬಾ. ಮಕ್ಕಳು ತಮ್ಮ ಪಾಡಿಗೆ ತಿನ್ನಲಿ. ನಿನ್ನ ಮುಂದೆ ನಿಂತು ಥ್ಯಾಂಕ್ಸ್ ಹೇಳುವ ಕೆಲಸ ಅವರಿಗೆ ಯಾಕೆ?

ಅವಳು ಅಷ್ಟಕ್ಕೆ ನಿಲ್ಲಲಿಲ್ಲ. "ಹಂಗಾದ್ರೆ ಸಿದ್ಧಗಂಗೆ ಮಠನೂ ತಪ್ಪಾ?" ಅಂದಳು. ಇದು ಒಳ್ಳೆಯ ಪ್ರಶ್ನೆ, ಸುಲಭಕ್ಕೆ ತಳ್ಳಿಹಾಕುವಂಥದ್ದಲ್ಲ. ಕ್ಯಾತ್ಸಂದ್ರದ ಪಕ್ಕದ ಆ ಮಠದಲ್ಲಿ ಸಾವಿರಾರು ಮಕ್ಕಳು ಇದ್ದು ಓದುತ್ತಾರೆ. ಊಟ, ಓದು, ವಸತಿ ಎಲ್ಲ ಉಚಿತ. 1941ರಲ್ಲಿ ಮಠದ ಹೊಣೆ ಹೊತ್ತ ಶಿವಕುಮಾರ ಸ್ವಾಮೀಜಿ 2019ರ ಜನವರಿ 21ರಂದು ತಮ್ಮ 111ನೇ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ನಡೆಸಿಕೊಂಡು ಬಂದದ್ದು ಇದನ್ನೇ. ಆದರೆ ಅಲ್ಲಿನ ಹುಡುಗರಲ್ಲಿ ಹೆಚ್ಚಿನವರು ಬಡ ರೈತರ, ಕೂಲಿಯವರ ಮಕ್ಕಳು. ಅವರಿಗೆ ಅಪ್ಪ ಅಮ್ಮ ಇದ್ದಾರೆ ಅನ್ನುವುದನ್ನು ಯಾರೂ ಮುಚ್ಚಿಡುವುದಿಲ್ಲ. ಅವರನ್ನು ಅನಾಥರು ಅಂತ ಕರೆಯುವುದಿಲ್ಲ, ವಿದ್ಯಾರ್ಥಿಗಳು ಅನ್ನುತ್ತಾರೆ. ಬೇಸಿಗೆ ರಜೆ ಬಂದರೆ ಟ್ರಂಕ್ ಹಿಡಿದು ಊರಿನ ಬಸ್ ಹತ್ತುತ್ತಾರೆ. ಭಕ್ತರು ರಾಗಿ, ಅಕ್ಕಿ, ತೆಂಗಿನಕಾಯಿ ತಂದು ಕೊಟ್ಟು ತಾವೂ ಅಲ್ಲೇ ಪ್ರಸಾದ ಉಂಡು ಬರುತ್ತಾರೆ, ಯಾವ ಹುಡುಗನನ್ನೂ ಪಕ್ಕಕ್ಕೆ ಕರೆದು ನಿನ್ನ ಕಥೆ ಹೇಳು ಅನ್ನುವುದಿಲ್ಲ. ಹಾಸ್ಟೆಲ್ ಅಂದ ಮೇಲೆ ಸಣ್ಣ ಹುಡುಗರು ರಾತ್ರಿ ಮನೆ ನೆನೆಸಿಕೊಂಡು ಅಳುವುದು ಇದ್ದೇ ಇರುತ್ತದೆ. ಹತ್ತಿರದ ಊರಲ್ಲೇ ಒಳ್ಳೆ ಶಾಲೆ ಇದ್ದಿದ್ದರೆ ಅವರಲ್ಲಿ ಎಷ್ಟೋ ಜನ ಮನೆಯಲ್ಲೇ ಇರುತ್ತಿದ್ದರು ಅಂತಲೂ ನನಗೆ ಅನಿಸುತ್ತದೆ. ಆದರೂ ಬಡತನಕ್ಕೆ ಊಟ, ಓದು ಕೊಡುವುದು ಒಂದು, ಬಡತನಕ್ಕೆ ಮಗುವನ್ನೇ ತಾಯಿಯಿಂದ ಬಿಡಿಸುವುದು ಇನ್ನೊಂದು. ಮೊದಲನೆಯದನ್ನು ನಮ್ಮೂರಿನವರು ಚೆನ್ನಾಗಿ ಬಲ್ಲರು. ಅದಕ್ಕೇ ಕೇಕಿನ ಫೋಟೋ ನೋಡಿದರೆ ನನಗೆ ಸಿಟ್ಟು ಬರುವುದು.

ನಮ್ಮ ಕಾನೂನಿನಲ್ಲೂ ಮಗುವನ್ನು ಸಂಸ್ಥೆಗೆ ಸೇರಿಸುವುದು ಕೊನೆಯ ದಾರಿ ಅಂತಲೇ ಇದೆ. ಅದಕ್ಕೆ ಮುಂಚಿನ ದಾರಿಗಳೂ ಇವೆ, ಆದರೆ ನಮಗೆ ಗೊತ್ತಿರುವುದಿಲ್ಲ. ಕೇಂದ್ರದ ಮಿಷನ್ ವಾತ್ಸಲ್ಯದಲ್ಲಿ ಪ್ರಾಯೋಜಕತ್ವ ಅಂತ ಒಂದು ಯೋಜನೆ ಇದೆ. ಗಂಡ ಸತ್ತ ಅಥವಾ ಬಿಟ್ಟುಹೋದ ತಾಯಿ, ದೊಡ್ಡ ಕಾಯಿಲೆ ಬಿದ್ದ ಹೆತ್ತವರು, ಅಪ್ಪ ಅಮ್ಮ ಇಲ್ಲದೆ ಅಜ್ಜಿ ಸಾಕುತ್ತಿರುವ ಮಗು, ಇಂಥ ಮನೆಗಳಿಗೆ ಮಗುವಿನ ಲೆಕ್ಕದಲ್ಲಿ ತಿಂಗಳಿಗೆ 4,000 ರೂಪಾಯಿ. ಹಳ್ಳಿಯಲ್ಲಿ ವರ್ಷದ ಆದಾಯ 72,000 ದಾಟಿರಬಾರದು, ಪಟ್ಟಣದಲ್ಲಿ 96,000. ಅರ್ಜಿ ಹೋಗುವುದು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಪಾವಗಡದ ಹಳ್ಳಿಯಲ್ಲಿ ಕೂಲಿಗೆ ಹೋಗುವ ಹೆಂಗಸು ಆದಾಯ ಪತ್ರ, ಮರಣ ಪತ್ರ, ಬ್ಯಾಂಕ್ ಪಾಸ್‌ಬುಕ್ ಹಿಡಿದುಕೊಂಡು ತುಮಕೂರಿಗೆ ಎಷ್ಟು ಸಲ ಓಡಾಡಬೇಕು? ಒಂದು ಸಲ ಬಂದರೆ ಒಂದು ದಿನದ ಕೂಲಿ ಹೋಯಿತು. ರಜೆಗೆ ಊರಿಗೆ ಬಂದ ನಮ್ಮ ಮಕ್ಕಳು ಕಾರು ತೆಗೆದುಕೊಂಡು ಅವಳ ಜೊತೆ ಕಚೇರಿಗೆ ಹೋಗಿ ಸಾಲಿನಲ್ಲಿ ನಿಂತರೆ ಒಂದು ಮಗು ಬಾಲಮಂದಿರ ಸೇರುವುದು ತಪ್ಪಬಹುದು. ಫೋಟೋಗೆ ಚೆನ್ನಾಗಿರುವುದಿಲ್ಲ ಬಿಡಿ. ಕಚೇರಿಯ ಹಸಿರು ಗೋಡೆ, ಮುರಿದ ಬೆಂಚು.

ಸಂಸ್ಥೆಯಲ್ಲಿ ಬೆಳೆದ ಮಕ್ಕಳಿಗೇ ಏನಾದರೂ ಮಾಡಬೇಕು ಅಂತಿದ್ದರೆ ಹದಿನೆಂಟು ತುಂಬಿದವರನ್ನು ನೋಡಿ. ಅವರ ಹತ್ತಿರ ಯಾರೂ ಕೇಕ್ ತರುವುದಿಲ್ಲ. ಇಪ್ಪತ್ತೊಂದರವರೆಗೆ ನೆರವು ಕೊಡಲು ಕಾಯ್ದೆಯಲ್ಲಿ ಅವಕಾಶ ಇದೆ, ಆದರೆ ಹದಿನೆಂಟಕ್ಕೆ ಆ ಮನೆ ಬಿಡಬೇಕು. ಪೀಣ್ಯದಲ್ಲಿ ಕೆಲಸ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ, ರೂಮಿಗೆ ಅಡ್ವಾನ್ಸ್ ಯಾರು ಕೊಡುತ್ತಾರೆ? ಮನೆ ಮಾಲೀಕರು ಅಪ್ಪನ ಫೋನ್ ನಂಬರ್ ಕೇಳುತ್ತಾರೆ, ಊರು ಯಾವುದು, ಯಾರ ಪೈಕಿ ಅಂತ ಕೇಳುತ್ತಾರೆ. ಜ್ವರ ಬಂದರೆ ಗಂಜಿ ಮಾಡಿಕೊಡುವವರಿಲ್ಲ, ಹಬ್ಬಕ್ಕೆ ಹೋಗಲು ಊರಿಲ್ಲ. ನನ್ನ ಹಾಗೆ ಹೊರದೇಶ ಸೇರಿ ಬೆಂಗಳೂರಿನಲ್ಲಿ ಒಂದು ಫ್ಲಾಟ್ ಬಾಡಿಗೆಗೆ ಬಿಟ್ಟ ತುಮಕೂರಿನವರು ಎಷ್ಟು ಜನ ಇಲ್ಲ? ಇಂಥ ಒಬ್ಬ ಹುಡುಗನಿಗೆ ಅಡ್ವಾನ್ಸ್ ಇಲ್ಲದೆ ಒಂದು ರೂಮು ಕೊಡುವುದು, ಬಾಡಿಗೆ ಕರಾರಿಗೆ ನಾನಿದ್ದೇನೆ ಅಂತ ಸಹಿ ಹಾಕುವುದು, ಯುಗಾದಿಗೆ ಅಣ್ಣನ ಮನೆಗೋ ಅಕ್ಕನ ಮನೆಗೋ ಊಟಕ್ಕೆ ಕಳಿಸುವುದು, ಅದೂ ಒಂದು ವರ್ಷ ಅಲ್ಲ, ಅವನು ಸಾಕು ಅನ್ನುವವರೆಗೆ. ಇದನ್ನು ಹೇಳಿದಾಗ ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹುಡುಗ ಎಂಥವನೋ ಏನೋ" ಅಂದಳು. ಮನೆ ಮಾಲೀಕರು ಹೇಳುವುದೂ ಅದನ್ನೇ ಅಲ್ವಾ ಅಂದೆ.