ಹಿಂದಿನ ಆ 3 ಪ್ಲಗ್ಗು

ಇವತ್ತು ಕಾರಿನ ಸ್ಪಾರ್ಕ್ ಪ್ಲಗ್ ಬದಲಾಯಿಸಕ್ಕೆ ಹೋದ್ರೆ, ಪ್ಲಗ್ಗಿಗೆ ಕರೆಂಟ್ ಕೊಡೋ ಕಾಯಿಲ್ ಕನೆಕ್ಟರ್ ಲಾಕು ಮುಟ್ತಿದ್ದಂಗೇ ಪುಡಿಪುಡಿ ಆಯ್ತು, ಬಿಸಿಗೆ ಒಣಗಿ ಒಣಗಿ ಹಪ್ಪಳ ಆಗಿತ್ತು, ಇನ್ನು ತಡ್ಕೊಳಕ್ಕಾಗಲ್ಲ ಹೇಳ್ಬಿಡ್ತೀನಿ. ಅಡ್ಡ ಕೂರಿಸಿರೋ, 3-3ರಂತೆ ಎರಡು ಸಾಲಲ್ಲಿ 6 ಸಿಲಿಂಡರ್ ಇರೋ ವಿ6 ಎಂಜಿನ್‌ನಲ್ಲಿ ಮುಂದಿನ 3 ಸ್ಪಾರ್ಕ್ ಪ್ಲಗ್ ಆರಾಮಾಗಿ ಬಿಚ್ಬಹುದು, ಹಿಂದಿನ 3 ಮಾತ್ರ ಫೈರ್‌ವಾಲ್ (ಎಂಜಿನ್ನಿಗೂ ನಾವು ಕೂರೋ ಜಾಗಕ್ಕೂ ನಡುವಿನ ಗೋಡೆ) ಕಡೆ ಮೂಲೇಲಿ, ಎಷ್ಟೋ ಕಾರಲ್ಲಿ ಎಂಜಿನ್ನಿಗೆ ಗಾಳಿ ಕಳಿಸೋ ಇನ್‌ಟೇಕ್ ಮ್ಯಾನಿಫೋಲ್ಡ್ ಅಡೀಲಿ! ಯಾಕೆ? ಪ್ಲಗ್ಗಿನ ಮುಖ ನೋಡಕ್ಕೇ ಥ್ರಾಟಲ್ ಬಾಡಿ ಬಿಚ್ಚು, ಹೋಸ್ ಕೀಳು, ಮ್ಯಾನಿಫೋಲ್ಡ್ ಎತ್ತು, ವಾಪಸ್ ಕೂರಿಸೋವಾಗ ಗ್ಯಾಸ್ಕೆಟ್ ಹೊಸದು ತಗೊಂಬಾ. ಕಣ್ಣಿಗೆ ಕಾಣಲ್ಲ, ಕೈ ತೂರಲ್ಲ, ಪ್ಲಗ್ ಬಿಚ್ಚೋ ಸಾಕೆಟ್‌ಗೆ ಎಕ್ಸ್‌ಟೆನ್ಷನ್ ಹಾಕಿದ್ರೆ ಉದ್ದ, ತೆಗೆದ್ರೆ ಗಿಡ್ಡ, ಬಾಗೋ ಜಾಯಿಂಟು ಸ್ವಿವೆಲ್ ಹಾಕಿದ್ರೆ ವಾಲ್ಕೊಂಡು ಪ್ಲಗ್ಗಿನ ಪಿಂಗಾಣಿ ಬಿರುಕು ಬಿಡತ್ತೆ. ಸಾಕೆಟ್ ಒಳಗಿನ ರಬ್ಬರ್ ಬೇರೆ, ಪ್ಲಗ್ ತಲೆ ಮೇಲೇ ಉಳ್ಕೊಂಡ್ಬಿಡತ್ತೆ. ಪ್ಲಗ್ ಕೂರೋ ಸಿಲಿಂಡರ್ ಹೆಡ್ಡು ಅಲ್ಯೂಮಿನಿಯಂ, ಬಿಸಿ ಇದ್ದಾಗ ಬಿಚ್ಚಿದ್ರೆ ಥ್ರೆಡ್ಡೇ ಕಿತ್ಕೊಂಡ್ ಬರ್ಬಹುದು, ಹಾಗಾಗಿ ತಣ್ಣಗಾಗೋವರೆಗೂ ಕಾಯ್ಬೇಕು. ಮೊಣಕೈ ಚರ್ಮ ಸುಲಿದು ಹೋಗಿದೆ. ತುದೀಲಿ ಇರಿಡಿಯಂ ಲೋಹ ಇರೋ ಪ್ಲಗ್ 1 ಲಕ್ಷ ಕಿಲೋಮೀಟರ್ ಹತ್ರ ಬಾಳಿಕೆ ಬರತ್ತೆ ಬಿಡಿ ಅಂತಾರೆ, ಅಷ್ಟು ವರ್ಷ ಒಳಗೇ ಇದ್ರೆ ಇನ್ನೂ ಗಟ್ಟಿಯಾಗಿ ಕಚ್ಕೊಳಲ್ವಾ? ಒಂದಲ್ಲ ಒಂದಿನ ಇದನ್ನ ಯಾರಾದ್ರೂ ಬದಲಾಯಿಸ್ಲೇಬೇಕು ಅಂತ ಎಂಜಿನ್ ಡಿಸೈನ್ ಮಾಡೋರಿಗೆ ಗೊತ್ತಿರ್ಲಿಲ್ವಾ? ಅವರೇ ಬಂದು ಬಗ್ಗಿ ಕೈ ಹಾಕಿ ನೋಡ್ಲಿ!