ಸ್ಟನ್ ಗನ್‌ಗೂ ಬಂದೂಕಿನ ಲೈಸೆನ್ಸೇ ಬೇಕಾ?

ಅಮೆರಿಕಕ್ಕೆ ಓದಲು ಬರುವ ಹುಡುಗಿಯರ ಅಪ್ಪ-ಅಮ್ಮ ಆಗಾಗ ಕೇಳುತ್ತಾರೆ, "ಮಗಳ ಬ್ಯಾಗಲ್ಲಿ ಒಂದು ಸ್ಟನ್ ಗನ್ ಇರಲಿ, ತಪ್ಪಿಲ್ಲ ಅಲ್ವಾ?" ಸ್ಟನ್ ಗನ್ ಅಂದರೆ ಮೈಗೆ ತಾಗಿಸಿ ವಿದ್ಯುತ್ ಶಾಕ್ ಕೊಡುವ ಕೈಸಾಧನ. ತಪ್ಪೋ ಸರಿಯೋ ಅನ್ನೋದು ಅವಳು ಯಾವ ರಾಜ್ಯದಲ್ಲಿ ಇದ್ದಾಳೆ ಅನ್ನೋದರ ಮೇಲಿದೆ. ಇದು ನನಗೆ ಸರಿ ಕಾಣುವುದಿಲ್ಲ.

ಮ್ಯಾಸಚೂಸೆಟ್ಸ್‌ನ ಜೇಮಿ ಕೇಟಾನೊ ಪ್ರಕರಣ ಓದಿ. ಹಳೆಯ ಗೆಳೆಯ ಹೊಡೆದು ಆಕೆ ಆಸ್ಪತ್ರೆ ಸೇರಿದ್ದಳು. ಹತ್ತಿರ ಬರಬಾರದು ಅಂತ ಕೋರ್ಟ್ ಆದೇಶ ತಂದಳು, ಒಂದಲ್ಲ, ಹಲವು. ಅವನು ಕೇಳಲಿಲ್ಲ. ಪರಿಚಯದವರೊಬ್ಬರು ಸ್ಟನ್ ಗನ್ ಕೊಟ್ಟರು. ಒಂದು ರಾತ್ರಿ ಕೆಲಸ ಮುಗಿಸಿ ಹೊರಬಂದರೆ ಅವನು ಕಾಯುತ್ತಿದ್ದ. ಅವಳಿಗಿಂತ ಸುಮಾರು ಒಂದಡಿ ಎತ್ತರ, ತೂಕ 45 ಕೆಜಿಯಷ್ಟು ಜಾಸ್ತಿ. ಅವಳು ಅದನ್ನು ತೋರಿಸಿದಳು, ಅಷ್ಟೇ. ಹೆದರಿ ಹೊರಟುಹೋದ. ಯಾರಿಗೂ ಒಂದು ಗಾಯವೂ ಆಗಲಿಲ್ಲ.

ಆದರೆ ಆಮೇಲೆ ಪೊಲೀಸರಿಗೆ ಅದು ಅವಳ ಪರ್ಸ್‌ನಲ್ಲಿ ಸಿಕ್ಕಿತು. ಆಗ ಆ ರಾಜ್ಯದಲ್ಲಿ ಸ್ಟನ್ ಗನ್ ಇಟ್ಟುಕೊಳ್ಳುವುದಕ್ಕೇ ನಿಷೇಧ ಇತ್ತು, ಅವಳೇ ಅಪರಾಧಿ ಆದಳು. ಆಯುಧ ಇಟ್ಟುಕೊಳ್ಳುವ ಹಕ್ಕು ಕೊಡುವ, ಸಂವಿಧಾನದ ಎರಡನೇ ತಿದ್ದುಪಡಿ ಬಂದ 1791ರ ಕಾಲದಲ್ಲಿ ಇಂಥ ಸಾಧನ ಬಳಕೆಯಲ್ಲಿ ಇರಲಿಲ್ಲ ಅನ್ನೋದು 2015ರಲ್ಲಿ ಆ ಶಿಕ್ಷೆಯನ್ನು ಎತ್ತಿಹಿಡಿಯಲು ರಾಜ್ಯದ ಅತ್ಯುನ್ನತ ಕೋರ್ಟ್ ಕೊಟ್ಟ ಕಾರಣಗಳಲ್ಲಿ ಒಂದು! 2016ರ ಮಾರ್ಚ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಒಮ್ಮತದಿಂದ ಆ ತೀರ್ಪನ್ನು ರದ್ದು ಮಾಡಿತು.

ಅಲ್ಲಿಂದ ನಿಷೇಧಗಳು ಒಂದೊಂದಾಗಿ ಸಡಿಲವಾದವು. ನ್ಯೂಜೆರ್ಸಿ 2017ರಲ್ಲಿ ಬಿಟ್ಟಿತು, ಹವಾಯಿ 2022ರ ಜನವರಿಯಿಂದ. ನ್ಯೂಯಾರ್ಕ್ ರಾಜ್ಯದ ನಿಷೇಧವನ್ನು 2019ರಲ್ಲಿ ಫೆಡರಲ್ ಕೋರ್ಟ್ ತಳ್ಳಿಹಾಕಿತು. ಆದರೂ ನ್ಯೂಯಾರ್ಕ್ ನಗರದ ಸ್ವಂತ ನಿಷೇಧವನ್ನು 2025ರಲ್ಲಿ ಇನ್ನೊಂದು ಫೆಡರಲ್ ಕೋರ್ಟ್ ಎತ್ತಿಹಿಡಿಯಿತು. ಒಂದೇ ರಾಜ್ಯದಲ್ಲಿ ಎರಡು ನ್ಯಾಯ.

ನನ್ನ ಸಿಟ್ಟು ಮ್ಯಾಸಚೂಸೆಟ್ಸ್ ಮೇಲೆಯೇ ಜಾಸ್ತಿ. 2018ರಲ್ಲಿ ನಿಷೇಧ ಬಿದ್ದುಹೋದ ಮೇಲೆ ಅಲ್ಲಿನ ಶಾಸಕರು ಸ್ಟನ್ ಗನ್‌ಗೂ ಬಂದೂಕಿನ ಲೈಸೆನ್ಸನ್ನೇ ಕಡ್ಡಾಯ ಮಾಡಿದರು. ಅರ್ಜಿ, ಬೆರಳಚ್ಚು, ಕಾಯುವಿಕೆ. ಒದೆ ತಿಂದು ಮನೆ ಬಿಟ್ಟು ಓಡಿಬಂದವಳು ಅಷ್ಟು ದಿನ ಏನು ಮಾಡಬೇಕು?

ಸ್ಟನ್ ಗನ್ ಆಟಿಕೆಯಲ್ಲ, ಒಪ್ಪುತ್ತೇನೆ. ಮೈಗೆ ತಾಗಿಸಿದರೆ ಜೋರು ನೋವು. ತಂತಿ ಹಾರಿಸುವ ಟೇಸರ್ ತಗುಲಿ ಬಿದ್ದವರಿಗೆ ತಲೆಗೆ ಪೆಟ್ಟಾಗಬಹುದು, ಸಾವೂ ಸಂಭವಿಸಿದೆ. ಹಾಗಾಗಿ ಕ್ಯಾಲಿಫೋರ್ನಿಯಾದ ದಾರಿ ನನಗೆ ಇಷ್ಟ. 18 ತುಂಬಿದವರು ಲೈಸೆನ್ಸ್ ಇಲ್ಲದೆ ಕೊಳ್ಳಬಹುದು. ಹಲ್ಲೆ ಕೇಸಲ್ಲಿ ಶಿಕ್ಷೆಯಾದವರಿಗೆ ಇಲ್ಲ. ಶಾಲೆಯೊಳಗೆ ತರುವಂತಿಲ್ಲ. ಹೊಡೆಯುವವನ ಕೈಗೆ ಕಾನೂನುಬದ್ಧವಾಗಿ ಸಿಗದಂತೆ, ಹೊಡೆಸಿಕೊಂಡವಳಿಗೆ ಅವತ್ತೇ ಸಿಗುವಂತೆ ಇದೆ ಆ ಕಾನೂನು.

ಮಕ್ಕಳನ್ನು ಕಳಿಸುವವರು ರಾಜ್ಯದ ಕಾನೂನಿನ ಜೊತೆ ನಗರದ್ದೂ, ಕಾಲೇಜಿನದ್ದೂ ನೋಡಿ. ವಿಮಾನದಲ್ಲಿ ಕೈಚೀಲದಲ್ಲಂತೂ ಇಡಲೇಬೇಡಿ. ಮ್ಯಾಸಚೂಸೆಟ್ಸ್‌ನಲ್ಲಿ ಮತ ಹಾಕುವ ನಮ್ಮವರು ನಿಮ್ಮ ಶಾಸಕರಿಗೆ ಪತ್ರ ಬರೆಯಿರಿ. ಕೋರ್ಟಿನಿಂದ ರಕ್ಷಣಾ ಆದೇಶ ಪಡೆದವರಿಗಾದರೂ ಈ ಲೈಸೆನ್ಸ್ ಬೇಡ ಅಂತ ಕೇಳಿ.